ರಿಲೀಸ್ ನೋಟ್ಸ್ ಓದುವವಳ ಸೇಡು

ನಮ್ಮ ಟೀಮ್ ಲೀಡ್ ಮೈಸೂರಿನವನು. ಎದುರಿಗೆ ಅವನನ್ನು ಯಾವತ್ತೂ ‘ನೀವು’ ಎಂದೇ ಮಾತಾಡಿಸಿದ್ದೇನೆ, ಹಿಂದೆ ಒಂದು ‘ಸರ್’ ಸೇರಿಸಿ. ಇಲ್ಲಿ ಮಾತ್ರ ‘ಅವನು’. ಎರಡು ವರ್ಷ ಹಲ್ಲು ಕಚ್ಚಿ ಕೂತವಳಿಗೆ ಇಷ್ಟು ಸ್ವಾತಂತ್ರ್ಯವಾದರೂ ಬೇಡವೇ.

ನಾನು ಚಿತ್ರದುರ್ಗದವಳು. ಕೆಲಸ ಗ್ರೇಟರ್ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಮನೆ ದೆಹಲಿಯ ಮಯೂರ್ ವಿಹಾರ್‌ನ ಹೌಸಿಂಗ್ ಸೊಸೈಟಿಯೊಂದರ ಮೂರನೇ ಮಹಡಿಯಲ್ಲಿ. ಅವನ ಮನೆ ಅದೇ ಸೊಸೈಟಿಯ ಎದುರು ಬ್ಲಾಕಿನಲ್ಲಿತ್ತು. ಈ ಮನೆ ಕೊಡಿಸಿದ್ದೂ ಅವನೇ, ಕೆಲಸ ಕೊಡಿಸಿದ್ದೂ ಅವನೇ. ದಿನವೂ ಅವನ ಕಾರಿನಲ್ಲೇ ಆಫೀಸಿಗೆ ಹೋಗಿ ಬರುತ್ತಿದ್ದೆ. ಹೋಗಲೊಂದು ಗಂಟೆ, ಬರಲು ಒಂದೂವರೆ. ನಾವಿಬ್ಬರೇ ಕನ್ನಡದವರು. ಆಫೀಸಿನಲ್ಲಿ ಎಲ್ಲರ ನಡುವೆ ನಿಂತು ಕನ್ನಡದಲ್ಲಿ ಮ್ಯಾನೇಜರರ ಹೊಸ ಶೂ ಬಗ್ಗೆ ಆಡಿಕೊಂಡು, ಮುಖ ಗಂಭೀರವಾಗಿಟ್ಟುಕೊಂಡು ಮೀಟಿಂಗಿಗೆ ಹೋಗುತ್ತಿದ್ದೆವು. ಅವನ ಹೆಂಡತಿ ಊರಿನಿಂದ ಸಾರಿನ ಪುಡಿ ಬಂದಾಗಲೆಲ್ಲ ನನಗೊಂದು ಡಬ್ಬಿ ಕಳಿಸುತ್ತಿದ್ದರು. ಆ ತಾಯಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನಮ್ಮ ಕೆಲಸ ಆಸ್ಪತ್ರೆಗಳ ಸರ್ವರ್ ನೋಡಿಕೊಳ್ಳುವುದು. ಹೊರರೋಗಿಗಳ ಚೀಟಿ, ರಕ್ತಪರೀಕ್ಷೆಯ ವರದಿ, ಹಾಸಿಗೆಗಳ ಪಟ್ಟಿ ಎಲ್ಲವೂ ಒಂದು ಸರ್ವರ್ ಮೇಲೆ ನಡೆಯುತ್ತದೆ. ಅದು ಕೆಟ್ಟರೆ ಆಸ್ಪತ್ರೆಯೇ ನಿಲ್ಲಬಾರದಲ್ಲ, ಅದಕ್ಕೆ ಪಕ್ಕದಲ್ಲಿ ಇನ್ನೊಂದು. ಮೊದಲನೆಯದು ‘ಬದುಕಿದ್ದೇನೆ, ಬದುಕಿದ್ದೇನೆ’ ಎಂದು ಪ್ರತಿ ಸೆಕೆಂಡೂ ಎರಡನೆಯದಕ್ಕೆ ಹೇಳುತ್ತಿರುತ್ತದೆ. ಆ ಸದ್ದು ನಿಂತ ಕೂಡಲೇ ಎರಡನೆಯದು ಮೊದಲನೆಯದರ ವಿದ್ಯುತ್ತನ್ನೇ ಕತ್ತರಿಸಿ ಕೆಲಸವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ವಿದ್ಯುತ್ ಕತ್ತರಿಸುವುದು ಯಾಕೆಂದರೆ, ಸತ್ತಿತು ಅಂದುಕೊಂಡದ್ದು ಅರೆಜೀವದಲ್ಲಿದ್ದು ತಾನೂ ಬರೆಯತೊಡಗಿದರೆ ಒಂದೇ ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗಾಗುತ್ತದೆ. ಈ ಕಾವಲನ್ನೆಲ್ಲ ಮಾಡುವ ತಂತ್ರಾಂಶಕ್ಕೆ ನಾವು ಕ್ಲಸ್ಟರ್ ಎನ್ನುತ್ತೇವೆ.

ಈ ಕಾವಲುಗಾರನಿಗೆ ಕಣ್ಣು ಮುಚ್ಚಿಕೊಂಡಿರು ಎಂದು ಹೇಳುವ ಒಂದು ಆದೇಶವಿದೆ. ಮೇಂಟೆನೆನ್ಸ್ ಮೋಡ್. ಸರ್ವರ್‌ಗೆ ರಿಪೇರಿ ಮಾಡುವಾಗ ನಾವೇ ಅದನ್ನು ನಿಲ್ಲಿಸಿ ಶುರು ಮಾಡುತ್ತಿರುತ್ತೇವೆ, ಆಗ ಕ್ಲಸ್ಟರ್ ಗಾಬರಿಬಿದ್ದು ನಡುವೆ ಬರಬಾರದು. ಕೆಲಸ ಮುಗಿದ ಮೇಲೆ ಮೋಡ್ ತೆಗೆಯಬೇಕು. ತೆಗೆಯಲು ಮರೆತರೆ ಎರಡೂ ಸರ್ವರ್ ಚೆನ್ನಾಗಿಯೇ ಓಡುತ್ತಿರುತ್ತವೆ, ಯಾರಿಗೂ ಏನೂ ತಿಳಿಯುವುದಿಲ್ಲ. ಮೊದಲನೆಯದು ಸತ್ತಾಗ ಮಾತ್ರ ತಿಳಿಯುತ್ತದೆ, ಎರಡನೆಯದು ಕದಲದೆ ಕೂತಿರುವುದನ್ನು ನೋಡಿ. ನಮ್ಮ ಕಸುಬಿನಲ್ಲಿರುವ ಪ್ರತಿಯೊಬ್ಬರೂ ಒಮ್ಮೆಯಾದರೂ ಮಾಡಿರುವ ತಪ್ಪು ಇದು.

ಅವನು ಮಾಡಿದ್ದು ಪೀತಮ್‌ಪುರದ ಒಂದು ಖಾಸಗಿ ಆಸ್ಪತ್ರೆಯ ಸರ್ವರಿನಲ್ಲಿ. ಬೆಳಿಗ್ಗೆ ಮನೆಯಿಂದಲೇ ಮೋಡ್ ಹಾಕಿ, ಒಂದು ಸಣ್ಣ ತೇಪೆ ಹಚ್ಚಿ, ಮೋಡ್ ತೆಗೆಯದೆ ಲ್ಯಾಪ್‌ಟಾಪ್ ಮುಚ್ಚಿ ಕಾರಿನ ಕೀ ತೆಗೆದುಕೊಂಡು ಕೆಳಗಿಳಿದು ಬಂದ. ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ. ದಾರಿಯುದ್ದಕ್ಕೂ ಮಗನ ಶಾಲೆಯ ಕಥೆ ಹೇಳಿದ. ಒಂಬತ್ತೂ ನಲವತ್ತಕ್ಕೆ, ಹೊರರೋಗಿಗಳ ಸಾಲು ಬಾಗಿಲು ದಾಟಿ ಮೆಟ್ಟಿಲ ತನಕ ಬೆಳೆದಿದ್ದ ಹೊತ್ತಿನಲ್ಲಿ, ಆಸ್ಪತ್ರೆಯ ಮೊದಲ ಸರ್ವರಿನ ಡಿಸ್ಕ್ ಹೋಯಿತು. ಎರಡನೆಯದು ಏಳಲಿಲ್ಲ. ಸುಮಾರು ಒಂದು ಗಂಟೆ ಚೀಟಿಯಿಲ್ಲ, ವರದಿಯಿಲ್ಲ. ಕೊನೆಗೆ ಕಾರಣ ಹೊಳೆದು ಅವನೇ ಮೋಡ್ ತೆಗೆದ. ಮರುಕ್ಷಣ ಎರಡನೇ ಸರ್ವರ್ ಎದ್ದಿತು. ಎಲ್ಲರೂ ಅವನ ಬೆನ್ನು ತಟ್ಟಿದರು.

ಮೋಡ್ ಹಾಕಿದ್ದು ಯಾರು ಎಂದು ಮ್ಯಾನೇಜರ್ ಕೇಳಿದರು. ದಾಖಲೆಯಲ್ಲಿ ಒಂದೇ ಪದವಿತ್ತು: ಅಡ್ಮಿನ್. ನಮ್ಮ ಟೀಮಿನ ಆರೂ ಜನ ಅದೇ ಒಂದು ಅಡ್ಮಿನ್ ಹೆಸರು, ಅದೇ ಒಂದು ಪಾಸ್‌ವರ್ಡ್ ಬಳಸುತ್ತಿದ್ದೆವು. ಹಾಗೆ ಮಾಡಬಾರದೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಅದೇ ಅನುಕೂಲವಾಗಿತ್ತು.

ಅವತ್ತು ಸಂಜೆ ಕಾರಿನಲ್ಲಿ ಅವನು ಶುರು ಮಾಡಿದ.

“ನೋಡಿ, ನಿಮ್ಮ ಹತ್ರ ಮುಚ್ಚಿಡೋದೇನಿದೆ. ಮರೆತಿದ್ದು ನಾನೇ. ಆದ್ರೆ ಲೀಡ್ ಮರೆತ ಅಂದ್ರೆ ಕಾಂಟ್ರಾಕ್ಟೇ ಹೋಗುತ್ತೆ. ಜೂನಿಯರ್ ಮರೆತಳು ಅಂದ್ರೆ ಎರಡು ಮಾತು ಬೈದು ಬಿಡ್ತಾರೆ. ನೀವು ಒಪ್ಕೊಂಡುಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ನನ್ನ ಹೆಸರು ರಿಪೋರ್ಟಲ್ಲಿ ಬರುತ್ತಾ ಸರ್?”

“ಏಯ್, ಹೆಸರೆಲ್ಲ ಯಾರು ಬರೀತಾರೆ? ನಾವು ನಾವೇ ಒಬ್ರಿಗೊಬ್ರು ಆಗ್ದಿದ್ರೆ ಈ ಊರಲ್ಲಿ ಇನ್ಯಾರು ಆಗ್ತಾರೆ, ಹೇಳಿ.”

ಒಪ್ಪಿಕೊಂಡೆ. ದಡ್ಡಿ ಎನ್ನಿ, ಬೇಕಾದ್ದು ಎನ್ನಿ. ಮರುದಿನದ ಮೀಟಿಂಗಿನಲ್ಲಿ ನಾನು ತಲೆ ತಗ್ಗಿಸಿ “ನನ್ನಿಂದ ಆಯಿತು” ಎಂದಾಗ ಅವನು ಎರಡೂ ಕೈ ಚೆಲ್ಲಿ ಹಿಂದಿಯಲ್ಲಿ ಹೇಳಿದ: “ಕಿತನೀ ಬಾರ್ ಸಮಝಾಯಾ ಇನ್ಕೋ. ಫಿರ್ ಭೀ.” ಎಷ್ಟು ಸಲ ತಿಳಿಸಿ ಹೇಳಿದ್ದೇನೆ, ಆದರೂ. ಯಾವತ್ತೂ ತಿಳಿಸಿ ಹೇಳದವನು, ತಾನೇ ಮರೆತವನು, ನನ್ನ ಮುಖ ನೋಡಿಕೊಂಡೇ ಆ ಮಾತಾಡಿದ. ವರದಿಯಲ್ಲಿ ನನ್ನ ಪೂರ್ತಿ ಹೆಸರು ಬಂತು, ಪಕ್ಕದಲ್ಲಿ ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂದು. ಅದರ ಒಂದು ಪ್ರತಿ ಆಸ್ಪತ್ರೆಯ ಫೈಲಿಗೆ ಹೋಯಿತು. ಸರ್ವರ್ ಮುಟ್ಟುವ ನನ್ನ ಅಧಿಕಾರವನ್ನು ಕಿತ್ತುಕೊಂಡರು. ಹೊಸ ಅಡ್ಮಿನ್ ಪಾಸ್‌ವರ್ಡನ್ನು ಐದು ಜನಕ್ಕೆ ಕೊಟ್ಟರು.

ನನಗೆ ಕೊಟ್ಟ ಹೊಸ ಕೆಲಸ ಏನೆಂದರೆ, ಕ್ಲಸ್ಟರ್ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ರಿಲೀಸ್ ನೋಟ್ಸ್ ಓದಿ, ಏನೇನು ಹೊಸದಿದೆ ಎಂದು ಗ್ರಾಹಕರಿಗೆ ಎರಡು ಪುಟದ ಟಿಪ್ಪಣಿ ಬರೆಯುವುದು. ಆ ಟಿಪ್ಪಣಿಯನ್ನು ಯಾವ ಗ್ರಾಹಕರೂ ಓದುವುದಿಲ್ಲ. ಸಹಿ ಹಾಕುವ ಅವನೂ ಓದುತ್ತಿರಲಿಲ್ಲ. ಮೂಲೆಯ ಮೇಜಿನಲ್ಲಿ ಕೂತು ನಾನು ಓದಿದೆ. ಕೋಪವಿದ್ದರೆ ಎಂಥ ಬೋರು ಬರಹವನ್ನೂ ಓದಬಹುದು ಎಂಬುದು ನನಗೆ ಗೊತ್ತಾದದ್ದು ಆಗಲೇ.

ಕಾರಿನಲ್ಲಿ ಹೋಗಿ ಬರುವುದನ್ನು ನಾನು ಬಿಡಲಿಲ್ಲ. ಗೆಳತಿಯೊಬ್ಬಳು ನಿನಗೆ ನಾಚಿಕೆ ಇಲ್ಲವೇ ಎಂದು ಕೇಳಿದಳು. ಇತ್ತು. ಆದರೆ ಮೆಟ್ರೋದಲ್ಲಿ ಹೋದರೆ ಅವನಿಗೆ ನನ್ನ ಸಿಟ್ಟು ಗೊತ್ತಾಗುತ್ತದೆ, ಎಚ್ಚರವಾಗಿಬಿಡುತ್ತಾನೆ. ಹಾಗಾಗಿ ಪಕ್ಕದ ಸೀಟಿನಲ್ಲಿ ಕೂತು, ಅವನ ಹಳಸಲು ಜೋಕುಗಳಿಗೆಲ್ಲ ನಕ್ಕೆ. ಸಾರಿನ ಪುಡಿ ಇಸಿದುಕೊಂಡೆ. ವರದಿಯ ವಿಚಾರವನ್ನು ಅವನು ಒಮ್ಮೆ ಮಾತ್ರ ತೆಗೆದ. “ಆಯ್ತಲ್ಲ, ಎಲ್ಲಾ ಮರೆತುಬಿಟ್ರು ನೋಡಿ” ಎಂದ. ಅದರ ಹಿಂದಿನ ವಾರವೇ ಇನ್ನೊಂದು ಕಂಪನಿಯ ಸಂದರ್ಶನದಲ್ಲಿ “ಆ ಆಸ್ಪತ್ರೆಯ ಘಟನೆ ನಿಮ್ಮದೇ ಅಲ್ವಾ?” ಎಂದು ಕೇಳಿ ನನ್ನನ್ನು ವಾಪಸು ಕಳಿಸಿದ್ದರು. “ಹೌದು ಸರ್, ಮರೆತುಬಿಟ್ರು” ಎಂದೆ.

ಆವೃತ್ತಿಗಳು ಬರುತ್ತಲೇ ಇದ್ದವು. ಒಂದರಲ್ಲಿ ಎರಡು ಸರ್ವರುಗಳ ನಡುವೆ ಜಗಳ ಬಂದರೆ ತೀರ್ಪು ಹೇಳಲು ಮೂರನೆಯದೊಂದು ಪುಟ್ಟ ಯಂತ್ರಕ್ಕೆ ಮತದ ಹಕ್ಕು ಕೊಟ್ಟರು. ಇನ್ನೊಂದರಲ್ಲಿ ಮೇಂಟೆನೆನ್ಸ್ ಮೋಡ್‌ಗೆ ಅವಧಿ ಕಟ್ಟಿದರು: ಒಂದು ಗಂಟೆ ಎಂದು ಹಾಕಿದರೆ ಗಂಟೆ ಮುಗಿದೊಡನೆ ತಾನಾಗಿ ಕಳಚಿಕೊಳ್ಳುತ್ತದೆ. ಅದನ್ನು ಓದಿದ ದಿನ ನನಗೆ ಅಳು ಬಂತು. ಈ ಒಂದು ಸಾಲು ಸ್ವಲ್ಪ ಮೊದಲೇ ಬಂದಿದ್ದರೆ, ಎಂದು. ಆಮೇಲೆ ಅಳುವುದನ್ನು ನಿಲ್ಲಿಸಿ ಟಿಪ್ಪಣಿ ಬರೆದೆ.

ಎರಡು ವರ್ಷ ತುಂಬುತ್ತಾ ಬಂದಾಗ ಒಂದು ದೊಡ್ಡ ಆವೃತ್ತಿ ಬಂತು. ಮೊದಲ ಪುಟಗಳಲ್ಲಿ ಮಾಮೂಲಿ ಬಡಾಯಿ. ಇನ್ನು ಮುಂದೆ ಪ್ರತಿಯೊಬ್ಬರೂ ತಂತಮ್ಮ ಹೆಸರಿನಲ್ಲೇ ಒಳಗೆ ಬರಬೇಕು, ಮೋಡ್ ಹಾಕುವಾಗ ಕಾರಣ ಬರೆಯಬೇಕು. ಎಲ್ಲೋ ಕೊನೆಯಲ್ಲಿ, ಸಣ್ಣ ಅಕ್ಷರದ ಪಟ್ಟಿಯಲ್ಲಿ ಒಂದು ಸಾಲಿತ್ತು. ಅಪ್‌ಗ್ರೇಡ್ ಮಾಡುವಾಗ ಹಳೆಯ ದಾಖಲೆಗಳನ್ನೂ ಅಗೆದು ಹೊಸ ಇತಿಹಾಸಕ್ಕೆ ಸೇರಿಸಲಾಗುತ್ತದೆ. ಪ್ರತಿ ಆದೇಶದ ಮುಂದೆ ಅದು ಯಾವ ಕಂಪ್ಯೂಟರಿನಿಂದ ಬಂತೆಂದು ತೋರಿಸಲಾಗುತ್ತದೆ.

ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಹಳೆಯ ಆವೃತ್ತಿ ಹೆಸರನ್ನು ಅಡ್ಮಿನ್ ಎಂದಷ್ಟೇ ತೋರಿಸಿದರೂ ಒಳಗೊಳಗೇ ಕಂಪ್ಯೂಟರಿನ ಗುರುತನ್ನು ಬರೆದಿಡುತ್ತಿತ್ತು, ಅದನ್ನು ಹೊರಗೆ ತೆಗೆಯಲು ಯಾರಿಗೂ ದಾರಿ ಇರಲಿಲ್ಲ ಅಷ್ಟೇ. ನಮ್ಮ ಕಂಪನಿಯಲ್ಲಿ ಪ್ರತಿ ಲ್ಯಾಪ್‌ಟಾಪಿಗೂ ನೌಕರರ ಸಂಖ್ಯೆಯನ್ನೇ ಹೆಸರಾಗಿ ಇಡುತ್ತಾರೆ. ಅವನ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು.

ಟಿಪ್ಪಣಿಯಲ್ಲಿ ಆ ಸಾಲನ್ನು ಬಿಡಲಿಲ್ಲ. ಅಷ್ಟು ಪ್ರಾಮಾಣಿಕತೆ ನನಗಿದೆ. ಎರಡನೇ ಪುಟದ ಕೆಳಗೆ, ಅವನ ಸಹಿಗೆ ಸರಿಯಾಗಿ ಮೇಲೆಯೇ ಬರೆದೆ. ಅವನು ಫೋನಿನಲ್ಲಿ ಮಾತಾಡುತ್ತಾ ಸಹಿ ಹಾಕಿ ಕೊಟ್ಟ.

ಪೀತಮ್‌ಪುರದ ಆಸ್ಪತ್ರೆಗೇ ಮೊದಲು ಅಪ್‌ಗ್ರೇಡ್ ಮಾಡೋಣವೆಂದು ಕಾರಿನಲ್ಲಿ ನಾನೇ ಸೂಚಿಸಿದೆ. ಅವರ ವಿಶ್ವಾಸ ಮರಳಿ ಗಳಿಸಿದ ಹಾಗಾಗುತ್ತದೆ, ಲೀಡ್ ಆಗಿ ನಿಮಗೇ ಹೆಸರು ಬರುತ್ತದೆ ಎಂದೆ. “ವಾಹ್! ಈಗ ತಲೆ ಓಡಿಸ್ತಿದ್ದೀರಿ ನೋಡಿ” ಎಂದ. ಅಪ್‌ಗ್ರೇಡ್ ಪ್ಲಾನ್ ಬರೆಯುವ ಕೆಲಸ ನನಗೇ ಬಂತು. ಹಳೆಯ ದಾಖಲೆಗಳನ್ನು ಎಷ್ಟು ಸೇರಿಸಬೇಕು ಎಂಬಲ್ಲಿ ಎರಡು ಆಯ್ಕೆಗಳಿದ್ದವು. ಮೊದಲನೆಯದು ಏನನ್ನಾದರೂ ಬದಲಿಸಿದ ಆದೇಶಗಳಷ್ಟೇ. ಎರಡನೆಯದು ಪೂರ್ತಿ. ಅವನದೊಂದು ಉಸಿರೂ ತಪ್ಪಿಸಿಕೊಳ್ಳಬಾರದೆಂದು ಪೂರ್ತಿ ಎಂದು ಬರೆದೆ.

ಅಪ್‌ಗ್ರೇಡ್ ಸುಸೂತ್ರವಾಗಿ ನಡೆಯಿತು. ಮರುದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯ ಮೀಟಿಂಗ್ ರೂಮಿನಲ್ಲಿ ಡೆಮೊ. ಆಸ್ಪತ್ರೆಯ ಕಡೆಯಿಂದ ಅವರ ಐಟಿ ಮುಖ್ಯಸ್ಥೆ ಇದ್ದರು. ಐವತ್ತು ದಾಟಿದ ಪಂಜಾಬಿ ಹೆಂಗಸು, ಕನ್ನಡಕವನ್ನು ಸರಪಳಿಯಲ್ಲಿ ಕುತ್ತಿಗೆಗೆ ಹಾಕಿಕೊಂಡವರು, ಕೇಳುವುದು ಹೆಚ್ಚು, ಆಡುವುದು ಕಡಿಮೆ. ನಮ್ಮ ಕಡೆಯಿಂದ ಮ್ಯಾನೇಜರ್, ಅವನು, ನಾನು. ನನಗೆ ಸರ್ವರ್ ಮುಟ್ಟುವ ಅಧಿಕಾರವಿಲ್ಲವಲ್ಲ, ಅದಕ್ಕೇ ನಾನು ಟಿಪ್ಪಣಿ ನೋಡಿಕೊಂಡು ವಿವರಿಸುವುದು, ಅವನು ಕೀಬೋರ್ಡಿನಲ್ಲಿ ಕುಟ್ಟುವುದು ಎಂದಾಗಿತ್ತು. ಇದಕ್ಕಿಂತ ಚೆಂದದ ಏರ್ಪಾಡನ್ನು ನಾನು ಬೇಡಿಕೊಂಡಿದ್ದರೂ ಸಿಗುತ್ತಿರಲಿಲ್ಲ.

ಮೂರನೇ ಮತವನ್ನು ತೋರಿಸಿದೆವು. ಅವಧಿ ಮುಗಿದು ಮೋಡ್ ತಾನಾಗಿ ಕಳಚಿದ್ದನ್ನು ತೋರಿಸಿದೆವು, ಮುಖ್ಯಸ್ಥೆ ತಲೆದೂಗಿದರು. ಆಮೇಲೆ ನಾನು ಹೇಳಿದೆ, ಇನ್ನು ಮುಂದೆ ಏನೇ ನಡೆದರೂ ಯಾರು ಮಾಡಿದ್ದೆಂದು ತಿಳಿಯುತ್ತದೆ, ಹಿಂದೆ ನಡೆದದ್ದೂ. ಬೇಕಿದ್ದರೆ ನಿಮಗೆ ನೆನಪಿರುವ ಯಾವುದಾದರೂ ದಿನ ಹೇಳಿ. ಅವರಿಗೆ ನೆನಪಿದ್ದದ್ದು ಒಂದೇ ದಿನ. ಅದನ್ನೇ ಹೇಳಿದರು.

ಅವನ ಬೆರಳು ನಿಂತಿತು. ನಾನು ಅತಿ ವಿನಯದಿಂದ “ಸರ್, ತಾರೀಖು ಹಾಕಿ” ಎಂದೆ. ಮ್ಯಾನೇಜರ್ ನೋಡುತ್ತಿದ್ದರು. ಹಾಕಿದ.

ಗೋಡೆಯ ಮೇಲೆ ಅವತ್ತಿನ ಬೆಳಗು ಸಾಲುಸಾಲಾಗಿ ಮೂಡಿತು. ಎಂಟೂ ಏಳು. ಮೇಂಟೆನೆನ್ಸ್ ಮೋಡ್ ಹಾಕಲಾಯಿತು. ಪಕ್ಕದಲ್ಲಿ ಅವನ ನೌಕರ ಸಂಖ್ಯೆ. ಎರಡು ವರ್ಷ ನಾನು ನಕ್ಕ ಸುಳ್ಳು ನಗೆಗಳೆಲ್ಲ ಆ ಒಂದು ಸಾಲಿನಲ್ಲಿ ತೀರಿದವು. ಅವನ ಕುತ್ತಿಗೆ ಕೆಂಪಗಾಗುವುದನ್ನು ನಾನು ಕಣ್ತುಂಬ ನೋಡಿದೆ. ಸಂತೋಷವಾಯಿತು. ಮುಚ್ಚುಮರೆ ಯಾಕೆ, ಬಹಳ ಸಂತೋಷವಾಯಿತು.

ಅವನು ತಿರುಗದೆಯೇ, ತುಟಿ ಅಲುಗದ ಹಾಗೆ ಕನ್ನಡದಲ್ಲಿ ಹೇಳಿದ: “ಇದು ಡೆಮೊ ಡೇಟಾ ಅಂತ ಹೇಳಿಬಿಡಿ. ಪ್ಲೀಸ್. ನಿಮ್ಮ ಕಾಲಿಗೆ ಬೀಳ್ತೀನಿ.”

ನಾನು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದೆ: “ಸರ್ ಕಹ್ ರಹೇ ಹೈಂ ಕಿ ಮೈಂ ಇಸೇ ಡೆಮೊ ಡೇಟಾ ಬತಾ ದೂಂ.” ಇದು ನಿಜದ್ದಲ್ಲ, ಡೆಮೊಗೆಂದು ಹಾಕಿದ ಮಾಹಿತಿ ಎಂದು ಹೇಳಿಬಿಡಿ ಎನ್ನುತ್ತಿದ್ದಾರೆ. ಅಲ್ಲಿಗೇ ನಿಲ್ಲಿಸಲಿಲ್ಲ. ಅವತ್ತು ಕಾರಿನಲ್ಲಿ ಅವನಾಡಿದ ಮಾತನ್ನೂ ಒಂದೊಂದಾಗಿ ಹಿಂದಿಗೆ ತಿರುಗಿಸಿ ಮೇಜಿನ ಮೇಲಿಟ್ಟೆ. ಜೂನಿಯರ್ ಮರೆತಳು ಅಂದರೆ ಎರಡು ಮಾತು ಬೈದು ಬಿಡುತ್ತಾರೆ, ಎಂಬಲ್ಲಿ ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ವರದಿಯಲ್ಲಿರುವ ನನ್ನ ಹೆಸರು ತೆಗೆಯಬೇಕು, ಅಷ್ಟೇ ನನ್ನ ಬೇಡಿಕೆ ಎಂದೆ.

ಮುಖ್ಯಸ್ಥೆ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ಅವನ ಸಾಲನ್ನು ಓದಿದರು. ಅದರ ಕೆಳಗಿನದನ್ನೂ ಓದಿದರು.

“ಔರ್ ಯೇ? ನೌ ಉನ್ನೀಸ್ ಪರ್?”

ಒಂಬತ್ತೂ ಹತ್ತೊಂಬತ್ತು. ಕ್ಲಸ್ಟರಿನ ಸ್ಥಿತಿಯನ್ನು ನೋಡಲಾಯಿತು. ಪಕ್ಕದಲ್ಲಿ ನನ್ನ ನೌಕರ ಸಂಖ್ಯೆ. ಏನನ್ನೂ ಬದಲಿಸದ, ಸುಮ್ಮನೆ ನೋಡುವ ಆದೇಶ ಅದು. ನಾನು ‘ಪೂರ್ತಿ’ ಎಂದು ಬರೆಯದಿದ್ದರೆ ಗೋಡೆಗೆ ಬರುತ್ತಲೇ ಇರಲಿಲ್ಲ.

ಈಗ ಅವನು ತಿರುಗಿ ನನ್ನನ್ನು ನೋಡಿದ. ಹೊಸ ಆವೃತ್ತಿಯಲ್ಲಿ ಇನ್ನೊಂದು ಸೌಲಭ್ಯವಿದೆ, ಹಳೆಯ ದಾಖಲೆಯ ಯಾವುದೇ ಕ್ಷಣದಲ್ಲಿ ಪರದೆಯ ಮೇಲೆ ಏನು ಕಾಣುತ್ತಿತ್ತೋ ಅದನ್ನೇ ಮತ್ತೆ ತೋರಿಸುತ್ತದೆ. ನಾನೇ ಟಿಪ್ಪಣಿಯಲ್ಲಿ ಹೊಗಳಿ ಬರೆದಿದ್ದೆ. ಯಾರೂ ಕೇಳದೆಯೇ ಅವನು ಆ ಸಾಲಿನ ಮೇಲೆ ಒತ್ತಿದ. ಅವತ್ತು ನಾನು ನೋಡಿದ ಪರದೆ ಗೋಡೆಯಷ್ಟು ದೊಡ್ಡದಾಗಿ ತೆರೆದುಕೊಂಡಿತು. ಮೇಲುಗಡೆ ಹಳದಿ ಅಕ್ಷರದಲ್ಲಿ, ಮೇಂಟೆನೆನ್ಸ್ ಮೋಡ್ ಇದೆ, ಸರ್ವರುಗಳ ಮೇಲೆ ಕಾವಲಿಲ್ಲ.

“ಆಪ್‌ನೇ ದೇಖಾ ಥಾ?” ಎಂದರು ಮುಖ್ಯಸ್ಥೆ.

ನೋಡಿದ್ದೆ. ಇಲ್ಲಿಯವರೆಗೆ ಬರೆಯದೇ ಬಿಟ್ಟದ್ದನ್ನು ಈಗ ಬರೆಯಬೇಕು. ಆ ಘಟನೆಯ ಹಿಂದಿನ ದಿನ ಬೇರೊಂದು ಆಸ್ಪತ್ರೆಯ ಸರ್ವರಿನಲ್ಲಿ ಅವನು ಮೋಡ್ ಹಾಕಿದ್ದ. ಮರೆತಿದ್ದಾನೆಂದುಕೊಂಡು ನಾನು ತೆಗೆದಿದ್ದೆ. ಅವನ ಕೆಲಸ ಇನ್ನೂ ನಡೆಯುತ್ತಿತ್ತಂತೆ. ಎಲ್ಲರೆದುರು “ನನ್ನ ಕೆಲಸದಲ್ಲಿ ಮೂಗು ತೂರಿಸಬೇಡಿ” ಎಂದು ಹಿಂದಿಯಲ್ಲಿ ಕೂಗಾಡಿದ್ದ. ಮರುದಿನ ಆಫೀಸಿಗೆ ಬಂದು ಟೀ ಲೋಟ ಕೆಳಗಿಟ್ಟು ಎಂದಿನಂತೆ ಸ್ಥಿತಿ ನೋಡಿದೆ. ಹಳದಿ ಸಾಲು ಕಂಡಿತು. ತೆಗೆಯಲು ಒಂದು ಆದೇಶ ಸಾಕಿತ್ತು. ಅವನನ್ನು ಕೇಳಲು ನಾಲ್ಕು ಹೆಜ್ಜೆ ಸಾಕಿತ್ತು. ‘ಹಾಳಾಗಿ ಹೋಗಲಿ, ಅವನೇ ಅನುಭವಿಸಲಿ’ ಎಂದುಕೊಂಡು ಪರದೆಯ ಮೇಲಿನ ಆ ಕಿಟಕಿ ಮುಚ್ಚಿ ಟೀ ಕುಡಿದೆ. ಇದನ್ನು ನಾನು ಮರೆತಿರಲಿಲ್ಲ. ನೆನಪಿಸಿಕೊಂಡಿರಲಿಲ್ಲ, ಅಷ್ಟೇ.

“ಹಾಂ,” ಎಂದೆ. “ಹಿಂದಿನ ದಿನ ಇವರು ನನ್ನನ್ನು ಎಲ್ಲರ ಮುಂದೆ ಬೈದಿದ್ದರು. ಅದಕ್ಕೇ ಬಿಟ್ಟೆ.”

ಅವರು ಕನ್ನಡಕ ತೆಗೆದು ಸರಪಳಿಯಲ್ಲಿ ಇಳಿಬಿಟ್ಟರು. ಜೋರಾಗಿ ಮಾತಾಡಲಿಲ್ಲ.

“ಬೇಟಾ, ಜೋ ಲೋಗ್ ನೀಚೇ ಲೈನ್ ಮೇಂ ಖಡೇ ಥೇ, ಉನ್ಹೋನೇ ಆಪ್‌ಕೋ ಕಬ್ ಡಾಂಟಾ ಥಾ?”

ಕೆಳಗೆ ಸಾಲಿನಲ್ಲಿ ನಿಂತಿದ್ದವರು ನಿನ್ನನ್ನು ಯಾವಾಗ ಬೈದಿದ್ದರು. ಉತ್ತರಕ್ಕೆ ಅವರು ಕಾಯಲಿಲ್ಲ. ಹೊಸ ವರದಿ ಬರೆದು ಕಳಿಸಿ ಎಂದು ಮ್ಯಾನೇಜರಿಗೆ ಹೇಳಿ ಎದ್ದು ಹೋದರು. ಹೊರಗೆ ಬರುವಾಗ ಲಿಫ್ಟ್ ತಡವಾಯಿತು. ಮೆಟ್ಟಿಲಿಳಿದೆ. ಅಧಿಕಾರ ಹೋಗುವ ತನಕ ಆ ಆಸ್ಪತ್ರೆಯ ಸರ್ವರನ್ನು ನೋಡಿಕೊಂಡವಳು, ಎರಡು ವರ್ಷ ಅದರ ವರದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡವಳು, ಅಲ್ಲಿನ ಸಾಲನ್ನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಒಬ್ಬಾಕೆ ಎಕ್ಸ್‌ರೇ ಕವರನ್ನು ಹಾಸಿಕೊಂಡು ಮೆಟ್ಟಿಲ ಮೇಲೆಯೇ ಕೂತಿದ್ದಳು. ನನಗೆ ದಾರಿ ಬಿಡಲು ಕಾಲು ಮಡಚಿಕೊಂಡಳು.

ಅವನು ಮೂರು ವಾರದಲ್ಲಿ ಕೆಲಸ ಬಿಟ್ಟ. ಬಿಡಿಸಿದರು ಎಂದೂ ಹೇಳುತ್ತಾರೆ. ಸೊಸೈಟಿಯ ಮನೆಯನ್ನೂ ಖಾಲಿ ಮಾಡಿದ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಮತ್ತೆ ಆ ಮೀಟಿಂಗ್ ರೂಮಿನಲ್ಲಿ ಕೂರಿಸಿದರೆ ಮತ್ತೆ ಅವನ ಮಾತನ್ನು ಹಿಂದಿಗೆ ತಿರುಗಿಸಿ ಹೇಳುತ್ತೇನೆ. ಹೊಸ ವರದಿಯ ಪ್ರತಿ ನನಗೂ ಬಂತು. ಕಾರಣ ಒಂದು: ಮೇಂಟೆನೆನ್ಸ್ ಮೋಡ್ ತೆಗೆಯಲಿಲ್ಲ, ಅವನ ಹೆಸರು. ಕಾರಣ ಎರಡು: ಕಂಡೂ ತಿಳಿಸಲಿಲ್ಲ, ನನ್ನ ಹೆಸರು.

ಹಳೆಯ ವರದಿಯಲ್ಲಿ ನನ್ನ ಹೆಸರಿನ ಮುಂದಿದ್ದದ್ದು ಸುಳ್ಳು. ಅದನ್ನು ಹಿಡಿದುಕೊಂಡು ಎರಡು ವರ್ಷ ಜಗಳವಾಡಿದೆ. ಈಗ ಇರುವುದರ ಮೇಲೆ ಯಾರ ಹತ್ತಿರ ಜಗಳವಾಡಲಿ.